2009ರ ಸ್ವಿಫ್ಟ್ ಡೀಸೆಲ್: ಸ್ಟ್ರಟ್ ಜೊತೆ ಸ್ಪ್ರಿಂಗೂ ಬದಲಿಸಬೇಕಾ?

ಸಕಲೇಶಪುರ ಸ್ವಿಫ್ಟ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನದು 2009ರ ಸ್ವಿಫ್ಟ್ ವಿಡಿಐ. ಅಪ್ಪ ತೆಗೆದುಕೊಂಡ ಕಾರು. 1,48,000 ಕಿ.ಮೀ. ಓಡಿದೆ. ಎಂಜಿನ್‌ಗೆ ಏನೂ ಆಗಿಲ್ಲ, ಹಾಗಾಗಿ ಮಾರುವ ಮನಸ್ಸಿಲ್ಲ. ವಾರಕ್ಕೊಂದು ಸಲ ಶಿರಾಡಿ ಇಳಿದು ಮಂಗಳೂರಿಗೆ ಹೋಗಿ ಬರಬೇಕು. ಉಳಿದ ದಿನ ತೋಟದ ಮಣ್ಣು ರಸ್ತೆ.

ಈ ಮಳೆಗಾಲ ಮುಗಿದ ಮೇಲೆ ಮೂರು ತೊಂದರೆ ಶುರುವಾಗಿದೆ. ಹಂಪ್ ದಾಟಿದ ಮೇಲೆ ಮುಂಭಾಗ ಎರಡು ಮೂರು ಸಲ ಮೇಲೆ ಕೆಳಗೆ ತೂಗಾಡುತ್ತದೆ. ನಿಂತ ಜಾಗದಲ್ಲೇ ಸ್ಟೀರಿಂಗ್ ತಿರುಗಿಸಿದರೆ ಎಡಗಡೆಯಿಂದ 'ಟಣ್' ಅಂತ ಸದ್ದು, ಕಬ್ಬಿಣದ ತಂತಿ ಮೀಟಿದ ಹಾಗೆ. ಎದುರಿನಿಂದ ನೋಡಿದರೆ ಎಡಭಾಗ ಸ್ವಲ್ಪ ಕುಸಿದಂತೆ ಕಾಣುತ್ತದೆ.

ಒಂದು ಗ್ಯಾರೇಜಿನಲ್ಲಿ ಎರಡು ಸ್ಟ್ರಟ್ (ಮುಂದಿನ ಚಕ್ರದ, ಶಾಕ್ ಅಬ್ಸಾರ್ಬರ್ ಇರುವ ಕಂಬ) ಹಾಕಿದರೆ ಸಾಕು, ಸ್ಪ್ರಿಂಗ್ ಎಲ್ಲಾ ಯಾರೂ ಬದಲಿಸಲ್ಲ ಅಂದರು. ಇನ್ನೊಂದು ಕಡೆ ಚಕ್ರ ತಿರುಗಿಸುವ ಸ್ಟೀರಿಂಗ್ ರ‍್ಯಾಕ್ ಸಮೇತ ಎಲ್ಲಾ ಹೋಗಿದೆ ಅಂತ 38,000 ರೂಪಾಯಿ ಎಸ್ಟಿಮೇಟ್ ಕೊಟ್ಟರು. ಇಬ್ಬರೂ ಕಾರನ್ನು ಜ್ಯಾಕ್ ಮೇಲೆ ಎತ್ತಿ ನೋಡಲೇ ಇಲ್ಲ. ಯಾರ ಮಾತು ಕೇಳಲಿ?

ಹಳೇ ಮೆಕ್ಯಾನಿಕ್

ಇಬ್ಬರ ಮಾತೂ ಬೇಡ, ಮೊದಲು ನೀವೇ ನೋಡಿ. ನಾನು ಹಾಸನದಲ್ಲಿ 31 ವರ್ಷ ಗ್ಯಾರೇಜ್ ಕೆಲಸ ಮಾಡಿದವನು, ಈಗ ಬಿಟ್ಟಿದ್ದೇನೆ. ಸಸ್ಪೆನ್ಷನ್ ಕೆಲಸದಲ್ಲಿ ಜನ ದುಡ್ಡು ಕಳೆದುಕೊಳ್ಳುವುದು ನೋಡದೆ ಬದಲಿಸುವುದರಿಂದ.

ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗ್ ಕುಣಿಯದ ಹಾಗೆ ಹಿಡಿಯುವುದು ಸ್ಟ್ರಟ್ ಒಳಗಿನ ಶಾಕ್ ಅಬ್ಸಾರ್ಬರ್. ತೂಗಾಡುತ್ತಿದೆ ಅಂದರೆ ಶಾಕ್ ಸೋತಿದೆ. ಒಂದು ಕಡೆ ಕುಸಿದಿದೆ ಅಂದರೆ ಸ್ಪ್ರಿಂಗ್ ಮೇಲೆ ಅನುಮಾನ. ಹೊಸ ಸ್ಟ್ರಟ್ ಹಾಕಿದ ತಕ್ಷಣ ಕುಸಿದ ಕಾರು ಮೇಲೇಳುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಸ್ಟ್ರಟ್ ಹಾಕಿಸಿಕೊಂಡು ಹೋಗಿ, ಮತ್ತೆ ವಾಪಸ್ ಬಂದು ಜಗಳ ಆಡಿದ್ದನ್ನು ನೋಡಿದ್ದೇನೆ.

ಮಟ್ಟವಾದ ನೆಲದಲ್ಲಿ ನಿಲ್ಲಿಸಿ. ನಾಲ್ಕೂ ಟೈರಿನ ಗಾಳಿ ಸರಿ ಮಾಡಿ. ಚಕ್ರದ ನಡುಮಧ್ಯದಿಂದ ನೇರ ಮೇಲೆ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಎಡ ಬಲ ಎರಡೂ ಅಳೆಯಿರಿ. ನೆಲದಿಂದ ಅಳೆಯಬೇಡಿ, ಟೈರ್ ಸವೆದಿದ್ದರೆ ಲೆಕ್ಕ ತಪ್ಪುತ್ತದೆ.

ಆಮೇಲೆ ಒಬ್ಬರನ್ನು ಸ್ಟೀರಿಂಗ್ ತಿರುಗಿಸಲು ಕೂರಿಸಿ. ಎಂಜಿನ್ ಆಫ್ ಇರಲಿ, ಬರೀ ಕೀ ತಿರುಗಿಸಿ ಸ್ಟೀರಿಂಗ್ ಲಾಕ್ ಬಿಡಿಸಿದರೆ ಸಾಕು. ನೀವು ಟೈರಿನ ಮೇಲಿಂದ ಕೈ ಹಾಕಿ ಸ್ಪ್ರಿಂಗನ್ನು ಹೊರಗಡೆಯಿಂದ ಮೆತ್ತಗೆ ಮುಟ್ಟಿ, ಸುರುಳಿಗಳ ನಡುವೆ ಬೆರಳು ತೂರಿಸಬೇಡಿ. ಸ್ಪ್ರಿಂಗ್ ಚಕ್ರದ ಜೊತೆ ನುಣ್ಣಗೆ ತಿರುಗಬೇಕು. ತಡೆದು ತಡೆದು ಆಮೇಲೆ ಟಣ್ ಅಂತ ಹಾರಿದರೆ ಸ್ಟ್ರಟ್ ತಲೆಯನ್ನು ಬಾಡಿಗೆ ಕೂರಿಸುವ ಮೌಂಟಿಂಗ್ ಬೇರಿಂಗ್ ಜಾಮ್ ಆಗಿದೆ ಅಥವಾ ಕೆಳಗೆ ಸ್ಪ್ರಿಂಗ್ ತುದಿ ತನ್ನ ಜಾಗ ಬಿಟ್ಟಿದೆ. ರ‍್ಯಾಕ್‌ಗೂ ಈ ಸದ್ದಿಗೂ ಸಂಬಂಧ ಇಲ್ಲದೇ ಇರಬಹುದು.

ಕೊನೆಗೆ ಟಾರ್ಚ್ ಹಾಕಿ ಸ್ಟ್ರಟ್ ಮೈ ನೋಡಿ. ಬರೀ ಧೂಳು ಅಂಟಿದ ತೆಳು ಎಣ್ಣೆ ಪಸೆ ಇದ್ದರೆ ಭಯ ಬೇಡ. ಎಣ್ಣೆ ಇಳಿದು ಕೆಳಗಿನವರೆಗೆ ಒದ್ದೆ ಆಗಿದ್ದರೆ ಅದರ ಆಯಸ್ಸು ಮುಗಿದಿದೆ.

ಬನಶಂಕರಿ ಬಾಯ್

ಟೈರ್ ಮೇಲೂ ಕೈ ಆಡಿಸಿ ನೋಡಿ. ಶಾಕ್ ಹೋದರೆ ಟೈರು ಅಲ್ಲಲ್ಲಿ ಹಳ್ಳ ಬಿದ್ದ ಹಾಗೆ ಸವೆಯುತ್ತದೆ. ಕಣ್ಣಿಗೆ ಕಾಣದಿದ್ದರೂ ಅಂಗೈಗೆ ಗೊತ್ತಾಗುತ್ತದೆ. ನನ್ನ ವ್ಯಾಗನ್ ಆರ್‌ನಲ್ಲಿ ಹಾಗೇ ಗೊತ್ತಾಗಿದ್ದು.

ಸಕಲೇಶಪುರ ಸ್ವಿಫ್ಟ್

ನೋಡಿದೆ. ಹಳೇ ಮೆಕ್ಯಾನಿಕ್ ಸರ್, ನೀವು ಹೇಳಿದ್ದು ಸರಿಯಾಗಿಯೇ ಇದೆ.

ಅಳತೆ: ಬಲಕ್ಕಿಂತ ಎಡ 18 ಮಿ.ಮೀ. ಕಡಿಮೆ. ಎರಡೂ ಸ್ಟ್ರಟ್ ಒದ್ದೆ, ಎಡಗಡೆಯದು ತುಂಬಾ. ಟೈರಿನ ಒಳ ಅಂಚಿನಲ್ಲಿ ಕೈ ಆಡಿಸಿದರೆ ಅಲೆ ಅಲೆಯಾಗಿ ಸಿಗುತ್ತದೆ.

ಸ್ಪ್ರಿಂಗ್ ಮುಟ್ಟುವ ಮೊದಲೇ ಟಾರ್ಚ್ ಬೆಳಕಲ್ಲಿ ವಿಷಯ ಗೊತ್ತಾಯಿತು. ಎಡ ಸ್ಪ್ರಿಂಗಿನ ಕೆಳಗಿನ ಸುತ್ತು ಮುರಿದಿದೆ. ಸುಮಾರು ನಾಲ್ಕು ಬೆರಳಷ್ಟು ಉದ್ದದ ತುಂಡು ಕೆಳಗಿನ ತಟ್ಟೆಯಲ್ಲಿ ಕೆಸರಿನ ನಡುವೆ ಕೂತಿತ್ತು. ಕಡ್ಡಿಯಿಂದ ಕೆದಕಿದರೆ ಕೈಗೇ ಬಂತು. ಮುರಿದ ಜಾಗವನ್ನು ಒರೆಸಿ ನೋಡಿದೆ. ಮುಕ್ಕಾಲು ಭಾಗ ಕಂದು ತುಕ್ಕು, ಒಂದು ಅಂಚು ಮಾತ್ರ ಹೊಸ ಕಬ್ಬಿಣದ ಹಾಗೆ ಬೂದು ಬಣ್ಣಕ್ಕೆ ಹೊಳೆಯುತ್ತಿದೆ. ಅಂದರೆ ಯಾವಾಗಲೋ ಸೀಳು ಬಿಟ್ಟು, ಮೊನ್ನೆ ಮೊನ್ನೆ ಪೂರ್ತಿ ಮುರಿದಿದೆ ಅಲ್ವಾ? ಇಷ್ಟು ದಿನ ಅಮ್ಮನನ್ನು ಕೂರಿಸಿಕೊಂಡು ಘಾಟಿ ಇಳಿದಿದ್ದೇನೆ ಅಂತ ನೆನೆಸಿಕೊಂಡರೆ ಹೊಟ್ಟೆ ತೊಳೆಸುತ್ತದೆ.

ಹಳೇ ಮೆಕ್ಯಾನಿಕ್

ಹೌದು, ನೀವು ಓದಿದ್ದು ಸರಿ. ಕಲ್ಲು ಬಡಿದು ಪೇಂಟ್ ಹಾರುತ್ತದೆ, ಅಲ್ಲಿ ತುಕ್ಕು ಹಿಡಿಯುತ್ತದೆ, ಆ ಗುಳಿಯಿಂದ ಸೀಳು ಶುರು. ಕೆಸರು ನಿಲ್ಲುವುದು ಕೆಳಗಿನ ಸುತ್ತಿನಲ್ಲೇ, ಅದಕ್ಕೇ ಅಲ್ಲೇ ಜಾಸ್ತಿ ಮುರಿಯುವುದು.

ಇನ್ನು ಕಾರು ಓಡಿಸಬೇಡಿ. ಮುರಿದ ಚೂಪು ತುದಿ ಜರುಗಿ ಟೈರಿಗೆ ತಾಗಿದರೆ ಟೈರ್ ಸೀಳಿಹೋಗುತ್ತದೆ. ಘಾಟಿ ತಿರುವಿನಲ್ಲಿ ಹಾಗಾದರೆ ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಉಡುಪಿ ಸ್ಯಾಂಟ್ರೋ

ಅಣ್ಣ, ನನ್ನ ಸ್ಯಾಂಟ್ರೋದಲ್ಲೂ ಇದೇ ಆಗಿತ್ತು. ನಮ್ಮ ಮನೆ ಸಮುದ್ರದಿಂದ ಒಂದು ಕಿಲೋಮೀಟರ್ ಒಳಗೆ, ಉಪ್ಪು ಗಾಳಿಗೆ ಕಬ್ಬಿಣ ಬಾಳುವುದೇ ಇಲ್ಲ. ನಾನು ಆಗ ಮುರಿದ ಒಂದೇ ಸ್ಪ್ರಿಂಗ್ ಬದಲಿಸಿದೆ, ದುಡ್ಡು ಉಳಿಯಲಿ ಅಂತ. ಆಮೇಲೆ ಹೊಸದು ಹಾಕಿದ ಕಡೆ ಎತ್ತರ, ಹಳೇ ಕಡೆ ತಗ್ಗು. ಬ್ರೇಕ್ ಒತ್ತಿದರೆ ಕಾರು ಒಂದು ಕಡೆ ಎಳೆದ ಹಾಗೆ ಅನ್ನಿಸುತ್ತಿತ್ತು. ಎಂಟು ತಿಂಗಳಿಗೆ ಇನ್ನೊಂದೂ ಬದಲಿಸಿದೆ, ಲೇಬರ್ ಎರಡು ಸಲ ಕೊಟ್ಟ ಹಾಗಾಯಿತು. ಹಾಕುವುದಾದರೆ ಜೋಡಿ ಹಾಕಿ.

ಹುಬ್ಬಳ್ಳಿ ಗಾಡಿ

ಸ್ಪ್ರಿಂಗ್ ಸುತ್ತಿನ ನಡುವೆ ಹಾಕುವ ರಬ್ಬರ್ ಬಫರ್ ಸಿಗತಾವಲ್ರೀ, ಅವನ್ನ ಹಾಕಿದರ ಎತ್ತರ ಬರತೈತಿ. ನಾ ಬಲಗಡೆ ಎಡಗಡೆ ಎರಡೂ ಹಾಕೀನಿ, ಎರಡು ವರ್ಷ ಆತು. ತಾತ್ಪೂರ್ತಿಕ ಅದನ್ನ ಹಾಕಿ ನೋಡಬಹುದಲ್ಲ?

ಹಳೇ ಮೆಕ್ಯಾನಿಕ್

ಹುಬ್ಬಳ್ಳಿ ಅಣ್ಣ, ಬೇಸರ ಮಾಡಿಕೊಳ್ಳಬೇಡಿ. ಮುರಿದ ಸ್ಪ್ರಿಂಗಿಗೆ ಬಫರ್ ಹಾಕುವ ಮಾತೇ ಇಲ್ಲ. ಸರಿಯಿರುವ ಸ್ಪ್ರಿಂಗಿಗೂ ನಾನು ಹಾಕುತ್ತಿರಲಿಲ್ಲ. ಸ್ಪ್ರಿಂಗ್ ಅಂದರೆ ಎಲ್ಲಾ ಸುತ್ತು ಸೇರಿ ಭಾರ ಹಂಚಿಕೊಳ್ಳಬೇಕು. ನೀವು ಒಂದು ಸುತ್ತಿನ ಬಾಯಿಗೆ ರಬ್ಬರ್ ತುರುಕಿದರೆ ಆ ಕೆಲಸ ಉಳಿದ ಸುತ್ತುಗಳ ಮೇಲೆ ಬೀಳುತ್ತದೆ. ರಬ್ಬರ್ ಸಂದಿಯಲ್ಲಿ ಮಣ್ಣು ನೀರು ನಿಂತು ಪೇಂಟ್ ಉಜ್ಜಿಹೋಗುತ್ತದೆ. ಒಮ್ಮೆ ನಿಮ್ಮದನ್ನು ಬಿಚ್ಚಿ ಒಳಗೆ ತುಕ್ಕು ಇದೆಯಾ ನೋಡಿ.

ಹುಬ್ಬಳ್ಳಿ ಗಾಡಿ

ಇಲ್ರೀ, ಬೇಸರ ಯಾಕ. ಈ ಭಾನುವಾರ ತಗದು ನೋಡತೀನಿ.

ಬನಶಂಕರಿ ಬಾಯ್

ಬಿಡಿಭಾಗದ ಬಗ್ಗೆ ನನಗೆ ಗೊತ್ತಿರುವುದು ಹೇಳುತ್ತೇನೆ. ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ಎಲ್ಲಾ ಸಿಗುತ್ತದೆ, ಆದರೆ ಬರೀ 'ಸ್ವಿಫ್ಟ್ ಸ್ಪ್ರಿಂಗ್' ಅಂತ ಕೇಳಬೇಡಿ. ಡೀಸೆಲ್ ಎಂಜಿನ್ ಪೆಟ್ರೋಲಿಗಿಂತ ಭಾರ, ಮುಂದಿನ ಸ್ಪ್ರಿಂಗೂ ಬೇರೆ. ಪೆಟ್ರೋಲಿನ ಸ್ಪ್ರಿಂಗ್ ಹಾಕಿದರೆ ಹೊಸದಾದರೂ ಮೂತಿ ತಗ್ಗಿರುತ್ತದೆ. ಆರ್‌ಸಿಯಲ್ಲಿರುವ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ, ಆ ನಂಬರ್ ಹೇಳಿ ತೆಗೆದುಕೊಳ್ಳಿ. ಸ್ಪ್ರಿಂಗ್ ಮೇಲೆ ಬಣ್ಣದ ಗೆರೆ ಇರುತ್ತದಲ್ಲ, ಅದು ಚೆಂದಕ್ಕಲ್ಲ. ಯಾವ ಮಾಡೆಲಿಗೆ ಯಾವುದು ಅಂತ ಗುರುತು. ಎರಡರಲ್ಲೂ ಒಂದೇ ಬಣ್ಣ ಇದೆಯಾ ಅಂಗಡಿಯಲ್ಲೇ ನೋಡಿ.

ಸ್ಟ್ರಟ್‌ಗೆ ಮಾರುತಿಯ ಜೆನ್ಯುವಿನ್ ಪಾರ್ಟ್ ತೆಗೆದುಕೊಳ್ಳಬಹುದು, ಇಲ್ಲ ಗೇಬ್ರಿಯಲ್, ಮನ್ರೋ, ಕೆವೈಬಿ ಇವುಗಳಲ್ಲಿ ನಿಮ್ಮ ಕಾರಿಗೆ ಸರಿಹೊಂದುವುದು ನೋಡಿ. ಬಿಲ್ ಇಲ್ಲದೆ ತರಬೇಡಿ. ರೀಕಂಡಿಷನ್ ಮಾಡಿದ್ದು ಅಂತ ಅರ್ಧ ಬೆಲೆಗೆ ಕೊಡುತ್ತಾರೆ. ಹಳೇದನ್ನು ಕೊರೆದು ಎಣ್ಣೆ ತುಂಬಿ ವೆಲ್ಡ್ ಮಾಡಿ ಕಪ್ಪು ಪೇಂಟ್ ಹೊಡೆದಿರುತ್ತಾರೆ. ಬೇಡವೇ ಬೇಡ.

ಜೊತೆಗೆ ಇವೂ ಇರಲಿ: ಮೌಂಟಿಂಗ್, ಬೇರಿಂಗ್, ಬಂಪ್ ಸ್ಟಾಪ್ (ಸ್ಟ್ರಟ್ ಪೂರ್ತಿ ಒಳಗೆ ಹೋದಾಗ ತಡೆಯುವ ರಬ್ಬರ್), ಡಸ್ಟ್ ಕವರ್, ಸ್ಪ್ರಿಂಗ್ ಕೆಳಗಿನ ರಬ್ಬರ್ ಸೀಟು. ಇವುಗಳ ಬೆಲೆ ಸ್ಟ್ರಟ್ ಮುಂದೆ ಏನೂ ಅಲ್ಲ. ಆದರೆ ಇವು ಹೋದರೆ ಮತ್ತೆ ಅಷ್ಟೂ ಬಿಚ್ಚಬೇಕು.

ಸಕಲೇಶಪುರ ಸ್ವಿಫ್ಟ್

ತುಂಬಾ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ. ನನ್ನ ಹತ್ತಿರ ಪಾನಾ ಸೆಟ್, ಸಾಕೆಟ್ ಸೆಟ್, ಎರಡು ಜ್ಯಾಕ್ ಸ್ಟ್ಯಾಂಡ್ ಇವೆ. ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್ ಎಲ್ಲಾ ನಾನೇ ಹಾಕಿಕೊಂಡಿದ್ದೇನೆ. ಇದನ್ನೂ ಮನೆಯಲ್ಲೇ ಮಾಡಬಹುದಾ?

ಮಿಷಿಗನ್ ಕನ್ನಡಿಗ

ಮಾಡಬಹುದು. ನಾನು ಇಲ್ಲಿ ನನ್ನ 2006ರ ಕೊರೊಲಾಗೆ ಮನೆ ಮುಂದೆಯೇ ಮಾಡಿದ್ದೇನೆ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಹತ್ತು ವರ್ಷ ದಾಟಿದ ಕಾರಿನ ಸ್ಪ್ರಿಂಗ್ ಮುರಿಯುವುದು ಇಲ್ಲಿ ಮಾಮೂಲಿ ಸುದ್ದಿ. ಲೇಬರ್ ದುಬಾರಿ, ಹಾಗಾಗಿ ಜನ ತಾವೇ ಮಾಡಿಕೊಳ್ಳುತ್ತಾರೆ.

ಆದರೆ ಇಲ್ಲಿ ಒಂದು ಅನುಕೂಲ ಇದೆ. ಸ್ಟ್ರಟ್, ಸ್ಪ್ರಿಂಗ್, ಮೌಂಟಿಂಗ್ ಎಲ್ಲಾ ಜೋಡಿಸಿಯೇ ಒಂದು ಡಬ್ಬದಲ್ಲಿ ಸಿಗುತ್ತದೆ. ಹಳೇದು ಪೂರ್ತಿ ಬಿಚ್ಚಿ ಹೊಸದು ಪೂರ್ತಿ ಹಾಕಿದರೆ ಆಯಿತು, ಸ್ಪ್ರಿಂಗ್ ಒತ್ತುವ ಕೆಲಸವೇ ಇಲ್ಲ. ನಿಮ್ಮ ಕಾರಿಗೆ ಹಾಗೆ ಸಿಕ್ಕಿದರೆ ತೆಗೆದುಕೊಳ್ಳಿ. ಸಿಗದಿದ್ದರೆ ಆ ಒಂದು ಹಂತ ಮಾತ್ರ ಬೇರೆಯವರ ಕೈಲಿ ಮಾಡಿಸಿ ಅನ್ನುವುದು ನನ್ನ ಅಭಿಪ್ರಾಯ.

ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ. ಬೆಳಿಗ್ಗೆ ಇನ್ನೊಂದು ಸಲ. ನಾನು ಅವಸರ ಮಾಡಿ ಒಂದು ಬೋಲ್ಟ್ ತಲೆ ಕಿತ್ತುಕೊಂಡು, ಅದನ್ನು ಗ್ರೈಂಡರ್‌ನಲ್ಲಿ ಕತ್ತರಿಸಲು ಅರ್ಧ ದಿನ ಹೋಯಿತು.

ಹಳೇ ಮೆಕ್ಯಾನಿಕ್

ಮಿಷಿಗನ್ ಸರ್ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಬಿಚ್ಚುವುದು, ಹಾಕುವುದು ನೀವು ಮಾಡಿ. ಸ್ಪ್ರಿಂಗ್ ಒತ್ತುವುದನ್ನು ಸ್ಟ್ಯಾಂಡ್ ಮೇಲಿನ ಕಂಪ್ರೆಸರ್ (ಸ್ಪ್ರಿಂಗ್ ಒತ್ತಿ ಹಿಡಿಯುವ ಸಾಧನ) ಇರುವ ಗ್ಯಾರೇಜಿಗೆ ಒಯ್ಯಿರಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಸಾವಿರ ಕಿಲೋ ದಾಟಿದ ಕಾರಿನ ಅರ್ಧಕ್ಕಿಂತ ಜಾಸ್ತಿ ಭಾರ ಮುಂದೆ ಇರುತ್ತದೆ. ಕಾರು ನಿಂತಾಗ ಮುಂದಿನ ಒಂದೊಂದು ಸ್ಪ್ರಿಂಗ್ 300 ಕಿಲೋ ಆಸುಪಾಸು ಹೊತ್ತು ನಿಂತಿರುತ್ತದೆ. ಬಿಚ್ಚಿ ಕೈಗೆ ತೆಗೆದುಕೊಂಡ ಮೇಲೂ ಅದರ ಬಿಗಿ ಪೂರ್ತಿ ಹೋಗಿರುವುದಿಲ್ಲ. ನಾನು ಕೆಲಸ ಕಲಿಯುವಾಗ ಪಕ್ಕದ ಗ್ಯಾರೇಜಿನಲ್ಲಿ ಒಬ್ಬ ಹುಡುಗ ಕಬ್ಬಿಣದ ಕೊಕ್ಕೆ ಮತ್ತು ಸರಪಳಿ ಹಾಕಿ ಸ್ಪ್ರಿಂಗ್ ಬಿಚ್ಚುತ್ತಿದ್ದ. ಕೊಕ್ಕೆ ಜಾರಿತು. ಸ್ಪ್ರಿಂಗ್ ಮೇಲೆ ಹಾರಿ ತಗಡಿನ ಮಾಡಿಗೆ ಬಡಿದು ತಗಡು ಉಬ್ಬಿಹೋಯಿತು. ಅವನ ಮುಖ ಒಂದು ಗೇಣು ಆಚೆ ಇತ್ತು, ಬದುಕಿದ. ಅವತ್ತಿನಿಂದ ನನ್ನ ಗ್ಯಾರೇಜಿನಲ್ಲಿ ಸರಿಯಾದ ಕಂಪ್ರೆಸರ್ ಇಲ್ಲದೆ ಯಾರಿಗೂ ಈ ಕೆಲಸ ಕೊಟ್ಟಿಲ್ಲ.

ಸ್ಟ್ರಟ್ ಮೇಲೆ ಕಾಣುವ ನಟ್‌ಗಳಲ್ಲಿ ಯಾವುದು ಬಾಡಿಗೆ ಕಟ್ಟಿರುವುದು, ಯಾವುದು ಸ್ಪ್ರಿಂಗ್ ಹಿಡಿದಿಟ್ಟಿರುವುದು ಅಂತ ಸರ್ವಿಸ್ ಮ್ಯಾನುಯಲ್ ನೋಡಿ ಗುರುತು ಮಾಡಿಕೊಳ್ಳಿ. ಒಂದೊಂದು ಕಾರಿನಲ್ಲಿ ಒಂದೊಂದು ಥರ. ಸ್ಪ್ರಿಂಗ್ ಒತ್ತುವವರೆಗೆ ಅದನ್ನು ಹಿಡಿದ ನಟ್ಟಿಗೆ ಪಾನಾ ಹಾಕಲೇಬೇಡಿ.

ಇನ್ನು ಬಿಚ್ಚುವಾಗ. ಸ್ಟ್ರಟ್ ಮತ್ತು ನಕಲ್ (ಚಕ್ರ ಕೂರುವ ಕಬ್ಬಿಣದ ಭಾಗ) ಸೇರುವ ಎರಡು ಬೋಲ್ಟ್ ಇರುತ್ತವಲ್ಲ, ಬಿಚ್ಚುವ ಮೊದಲು ಅಲ್ಲಿ ಬಿಳಿ ಪೇಂಟಿನಲ್ಲಿ ಗೆರೆ ಎಳೆಯಿರಿ, ಹಾಕುವಾಗ ಹಳೇ ಕೋನ ಹತ್ತಿರಹತ್ತಿರ ಸಿಗುತ್ತದೆ. ಬ್ರೇಕ್ ಹೋಸ್ ಬ್ರಾಕೆಟ್ ಮೊದಲೇ ಬಿಡಿಸಿ. ಬೋಲ್ಟ್ ತೆಗೆದ ತಕ್ಷಣ ನಕಲ್ ಹೊರಗಡೆ ವಾಲುತ್ತದೆ. ಅದರ ಭಾರ ಬ್ರೇಕ್ ಹೋಸ್ ಮೇಲೆ ಬೀಳಬಾರದು, ಡ್ರೈವ್ ಶಾಫ್ಟ್ ಒಳಗಿನ ಜಾಯಿಂಟ್ ಕಿತ್ತು ಬರಬಾರದು. ತಂತಿಯಿಂದ ಕಟ್ಟಿ ನಿಲ್ಲಿಸಿ.

ಹೊಸ ಸ್ಟ್ರಟ್ ಅಂಗಡಿಯಲ್ಲಿ ಅಡ್ಡ ಮಲಗಿರುತ್ತದೆ. ಹಾಕುವ ಮೊದಲು ನೇರ ನಿಲ್ಲಿಸಿ ರಾಡನ್ನು ಪೂರ್ತಿ ಎಳೆದು ಪೂರ್ತಿ ಒತ್ತಿ, ನಾಲ್ಕೈದು ಸಲ. ಒಳಗೆ ಸೇರಿದ ಗಾಳಿ ಹೋಗುತ್ತದೆ. ಆ ಹೊಳೆಯುವ ರಾಡನ್ನು ಮಾತ್ರ ಪ್ಲೈಯರ್‌ನಲ್ಲಿ ಹಿಡಿಯಬೇಡಿ. ನಟ್ ಬಿಗಿ ಮಾಡುವಾಗ ರಾಡ್ ತಿರುಗುತ್ತದೆ ಅಂತ ಎಷ್ಟೋ ಹುಡುಗರು ಹಾಗೆ ಮಾಡುತ್ತಾರೆ. ಪ್ಲೈಯರ್ ಹಲ್ಲಿನ ಗುರುತು ಕೂದಲೆಳೆಯಷ್ಟಿದ್ದರೂ ಸಾಕು, ಪ್ರತಿ ಸಲ ಮೇಲೆ ಕೆಳಗೆ ಆಡುವಾಗ ಆಯಿಲ್ ಸೀಲನ್ನು ಕೊಯ್ಯುತ್ತದೆ. ಸ್ಟ್ರಟ್ ಆರು ತಿಂಗಳಿಗೆ ಸೋರಿದರೆ ಜನ ಕಂಪನಿಯನ್ನು ಬೈಯುತ್ತಾರೆ. ರಾಡ್ ತಿರುಗದ ಹಾಗೆ ಹಿಡಿಯಲು ಅದರ ತುದಿಯಲ್ಲೇ ಜಾಗ ಕೊಟ್ಟಿರುತ್ತಾರೆ, ಅದಕ್ಕೆ ತಕ್ಕ ಕೀ ಹಾಕಿ.

ಉಡುಪಿ ಸ್ಯಾಂಟ್ರೋ

ಸರ್, ಒಂದು ಸಂಶಯ. ಹಿಂದಿನ ಚಕ್ರಕ್ಕೆ ಈ ಮೌಂಟಿಂಗ್ ಬೇರಿಂಗ್ ಯಾಕೆ ಇಲ್ಲ, ಮುಂದೆ ಮಾತ್ರ ಯಾಕೆ?

ಹಳೇ ಮೆಕ್ಯಾನಿಕ್

ಒಳ್ಳೆಯ ಪ್ರಶ್ನೆ ಮೇಡಂ. ಮುಂದಿನದು ಮ್ಯಾಕ್‌ಫರ್ಸನ್ ಸ್ಟ್ರಟ್. ಫೋರ್ಡ್‌ನಲ್ಲಿದ್ದ ಅರ್ಲ್ ಮ್ಯಾಕ್‌ಫರ್ಸನ್ ಅನ್ನುವ ಎಂಜಿನಿಯರ್ ಹೆಸರಿನದು, 1950ರ ಫೋರ್ಡ್ ಕಾನ್ಸುಲ್ ಕಾರಿನಲ್ಲೇ ಬಂದಿತ್ತು. ಅದರಲ್ಲಿ ಶಾಕ್ ಬರೀ ಶಾಕ್ ಅಲ್ಲ, ಚಕ್ರ ಎಡ ಬಲ ತಿರುಗುವ ಕಂಬವೂ ಅದೇ. ಸ್ಟೀರಿಂಗ್ ತಿರುಗಿಸಿದಾಗ ಸ್ಟ್ರಟ್ ಸ್ಪ್ರಿಂಗ್ ಸಮೇತ ತಿರುಗಬೇಕು, ಅದಕ್ಕೇ ತಲೆಯಲ್ಲಿ ಬೇರಿಂಗ್. ಹಿಂದಿನ ಚಕ್ರ ತಿರುಗುವುದಿಲ್ಲ, ಅದಕ್ಕೆ ಬೇಕಿಲ್ಲ.

ಸಕಲೇಶಪುರ ಸ್ವಿಫ್ಟ್

ಕೆಲಸ ಮುಗಿಯಿತು! ವಿವರವಾಗಿ ಬರೆಯುತ್ತೇನೆ, ಬೇರೆಯವರಿಗೂ ಬೇಕಾಗಬಹುದು.

ಶನಿವಾರ ಬೆಳಿಗ್ಗೆ ಏಳಕ್ಕೆ ಶುರು ಮಾಡಿದೆ. ಸಿಮೆಂಟ್ ಅಂಗಳ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದೆ ಎರಡೂ ಕಡೆ ಸ್ಟ್ಯಾಂಡ್. ಬಲಗಡೆ ಒಂದು ಗಂಟೆಯಲ್ಲಿ ಕೈಗೆ ಬಂತು. ಎಡಗಡೆ ನಕಲ್ ಬೋಲ್ಟ್ ಒಂದು ಅಲುಗಾಡಲಿಲ್ಲ. ರಾತ್ರಿ ಸ್ಪ್ರೇ ಹೊಡೆದಿದ್ದರೂ ಆಗಲಿಲ್ಲ. ಮತ್ತೆ ಹೊಡೆದು, ತಿಂಡಿ ತಿಂದು ಬಂದು, ಪಾನಾಕ್ಕೆ ಮೂರಡಿ ಪೈಪ್ ಸಿಕ್ಕಿಸಿ ಎಳೆದಾಗ 'ಕಟ್' ಅಂತ ಬಿಟ್ಟುಕೊಂಡಿತು.

ಎರಡನ್ನೂ ಗೋಣಿಚೀಲಕ್ಕೆ ಹಾಕಿಕೊಂಡು ತಮ್ಮನ ಬೈಕಿನಲ್ಲಿ ಪೇಟೆಯ ಗ್ಯಾರೇಜಿಗೆ ಹೋದೆ. ಅಲ್ಲಿ ಸ್ಟ್ಯಾಂಡ್ ಕಂಪ್ರೆಸರ್ ಇತ್ತು. ಬಿಚ್ಚಿ ಜೋಡಿಸಲು 600 ರೂಪಾಯಿ ತೆಗೆದುಕೊಂಡರು. ಹಳೇ ಎಡ ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಒಳಗೆ ಮರಳು ಇದ್ದ ಹಾಗೆ ಕರಕರ ಅನ್ನುತ್ತಿತ್ತು. ಹಳೇ ಸ್ಟ್ರಟ್ ರಾಡ್ ಒತ್ತಿದರೆ ಒಂದೇ ಬೆರಳಿಗೆ ಒಳಗೆ ಹೋಯಿತು, ವಾಪಸ್ ಬರಲೇ ಇಲ್ಲ. ಹೊಸದನ್ನು ಮೈ ಭಾರ ಬಿಟ್ಟು ಒತ್ತಬೇಕು, ಬಿಟ್ಟರೆ ನಿಧಾನಕ್ಕೆ ತಾನೇ ಮೇಲೆ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಒತ್ತಿ ನೋಡಿದಾಗ ನಾನು ಇಷ್ಟು ದಿನ ಏನು ಓಡಿಸುತ್ತಿದ್ದೆ ಅಂತ ಗೊತ್ತಾಯಿತು.

ಸ್ಪ್ರಿಂಗ್ ಕೆಳ ತುದಿ ಸೀಟಿನ ಮೆಟ್ಟಿಲಿಗೆ ಸರಿಯಾಗಿ ತಾಗಿದೆಯಾ ಅಂತ ನಾನೇ ಬಗ್ಗಿ ನೋಡಿದೆ. ಒಂದು ಕಡೆ ಬೆರಳಗಲ ಜರುಗಿತ್ತು. ಹೇಳಿದ ಮೇಲೆ ಮತ್ತೆ ಒತ್ತಿ ಸರಿ ಮಾಡಿದರು.

ಸಂಜೆ ಐದಕ್ಕೆ ಚಕ್ರ ಹಾಕಿ ಇಳಿಸಿದೆ. ಎಷ್ಟು ಬಿಗಿ ಅಂತ ಅಳೆದು ತೋರಿಸುವ ಟಾರ್ಕ್ ರೆಂಚ್ ಗೆಳೆಯನ ಹತ್ತಿರ ತಂದಿದ್ದೆ, ಮ್ಯಾನುಯಲ್‌ನ ಅಂಕಿಗೇ ಬಿಗಿ ಮಾಡಿದೆ. ಸ್ಟ್ರಟ್, ಸ್ಪ್ರಿಂಗ್, ಮೌಂಟಿಂಗ್, ಬೇರಿಂಗ್, ರಬ್ಬರ್ ಎಲ್ಲಾ ಸೇರಿ ಜೋಡಿಗೆ 11,400 ಆಯಿತು. ಮೇಲೆ ಆ 600. 38,000ದ ಎಸ್ಟಿಮೇಟ್ ಚೀಟಿ ಇನ್ನೂ ಡ್ಯಾಶ್‌ಬೋರ್ಡಿನಲ್ಲೇ ಇದೆ.

ಟಣ್ ಸದ್ದು ಪೂರ್ತಿ ಹೋಗಿದೆ. ಈಗ ಎಡ ಬಲ ವ್ಯತ್ಯಾಸ 2 ಮಿ.ಮೀ. ನಮ್ಮ ತೋಟದ ಗೇಟಿನ ಹತ್ತಿರ ಒಂದು ಮೋರಿ ಇದೆ. ಅದನ್ನು ದಾಟಿದರೆ ಅಮ್ಮ ಯಾವಾಗಲೂ ಮೇಲಿನ ಹಿಡಿ ಹಿಡಿದುಕೊಳ್ಳುತ್ತಿದ್ದರು. ಮೊನ್ನೆ ಹಿಡಿಯಲಿಲ್ಲ.

ಹಳೇ ಮೆಕ್ಯಾನಿಕ್

ತುಂಬಾ ಖುಷಿ ಆಯಿತು. ಸೀಟಿನಲ್ಲಿ ಜರುಗಿದ್ದನ್ನು ಹಿಡಿದಿರಲ್ಲ, ಅದು ದೊಡ್ಡದು.

ಎರಡು ಕೆಲಸ ಬಾಕಿ. ನೀವು ಲೋವರ್ ಆರ್ಮ್ (ನಕಲನ್ನು ಕೆಳಗಿನಿಂದ ಹಿಡಿಯುವ ತೋಳು) ಬುಷ್ ಬೋಲ್ಟ್ ಏನಾದರೂ ಸಡಿಲ ಮಾಡಿದ್ದರೆ, ಕೊನೇ ಬಿಗಿಯನ್ನು ಕಾರು ನೆಲದ ಮೇಲೆ ನಿಂತಾಗಲೇ ಕೊಡಬೇಕು. ಚಕ್ರ ತೂಗಾಡುವಾಗ ಬಿಗಿ ಮಾಡಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇನ್ನೊಂದು, ವೀಲ್ ಅಲೈನ್‌ಮೆಂಟ್. ಒಂದು ವಾರ ಓಡಿಸಿ, ಸ್ಪ್ರಿಂಗ್ ಕೂತ ಮೇಲೆ ಮಾಡಿಸಿ. ತುಂಬಾ ದಿನ ಬಿಡಬೇಡಿ.

ಹುಬ್ಬಳ್ಳಿ ಗಾಡಿ

ನನ್ನ ಬಫರ್ ತಗದು ನೋಡಿದ್ನಿರೀ. ಒಳಗ ಪೇಂಟ್ ಇಲ್ಲ, ಒಂದು ಸುತ್ತಿನ ಮ್ಯಾಲೆ ತುಕ್ಕು ಹಿಡದು ಸಣ್ಣ ಗುಳಿ ಬಿದ್ದಾವ. ಹೊಸ ಜೋಡಿ ಸ್ಪ್ರಿಂಗ್ ಆರ್ಡರ್ ಮಾಡೀನಿ. ಮೆಕ್ಯಾನಿಕ್ ಸರ್, ಹೇಳಿದ್ದು ಛಲೋ ಆತು.

ಬನಶಂಕರಿ ಬಾಯ್

ಸಕಲೇಶಪುರ ಅಣ್ಣ, ಹಿಂದಿನದರ ಕಥೆ ಏನು? ಮುಂದೆ ಹೊಸದು, ಹಿಂದೆ ಹಳೇದು ಇದ್ದರೆ ಹೆದ್ದಾರಿಯಲ್ಲಿ ಹಿಂಭಾಗ ತೇಲಿದ ಹಾಗೆ ಅನ್ನಿಸುವುದಿಲ್ಲವಾ?

ಸಕಲೇಶಪುರ ಸ್ವಿಫ್ಟ್

ಅನ್ನಿಸುತ್ತಿದೆ. ಮುಂದೆ ಗಟ್ಟಿಯಾದ ಮೇಲೆ ಹಿಂದಿನದು ಈಗ ಎದ್ದು ಕಾಣುತ್ತಿದೆ.

ಹಳೇ ಮೆಕ್ಯಾನಿಕ್

ನಿಮ್ಮ ಕಾರಿನಲ್ಲಿ ಹಿಂದಿನದು ಇದಕ್ಕಿಂತ ಸುಲಭ. ಟಾರ್ಷನ್ ಬೀಮ್, ಅಂದರೆ ಹಿಂದಿನ ಎರಡೂ ಚಕ್ರ ಸೇರಿಸುವ ಅಡ್ಡ ತೊಲೆ. ಸ್ಪ್ರಿಂಗ್ ಬೇರೆ ಶಾಕ್ ಬೇರೆ. ಬಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬೀಮಿಗೆ ಜ್ಯಾಕ್ ಕೊಟ್ಟು, ಎರಡೂ ಶಾಕಿನ ಕೆಳಗಿನ ಬೋಲ್ಟ್ ತೆಗೆದು ಜ್ಯಾಕ್ ನಿಧಾನ ಇಳಿಸಿದರೆ ಸ್ಪ್ರಿಂಗ್ ಸಡಿಲವಾಗಿ ಕೈಗೇ ಬರುತ್ತದೆ, ಕಂಪ್ರೆಸರ್ ಬೇಕಿಲ್ಲ. ಬ್ರೇಕ್ ಹೋಸ್ ಎಳೆಯುತ್ತಿದೆಯಾ ಅಂತ ಮಾತ್ರ ಇಳಿಸುವಾಗ ನೋಡುತ್ತಿರಿ. ಸ್ಪ್ರಿಂಗ್ ತೆಗೆದ ಮೇಲೆ ಎರಡನ್ನೂ ನೆಲದ ಮೇಲೆ ಪಕ್ಕಪಕ್ಕ ನಿಲ್ಲಿಸಿ ಎತ್ತರ ಹೋಲಿಸಿ. ಸಮ ಇದ್ದು, ತುಕ್ಕಿನ ಗುಳಿ ಇಲ್ಲದಿದ್ದರೆ, ಅವನ್ನೇ ಹಾಕಿ ಶಾಕ್ ಮಾತ್ರ ಹೊಸದು ಹಾಕಿ. ಸುಮ್ನೆ ಖರ್ಚು ಬೇಡ.

ಸಕಲೇಶಪುರ ಸ್ವಿಫ್ಟ್

ಸರಿ ಸರ್. ಮುಂದಿನ ಶನಿವಾರ ಬಿಚ್ಚುತ್ತೇನೆ. ಎರಡರ ಎತ್ತರ ಅಳೆದು ಇಲ್ಲೇ ಹಾಕುತ್ತೇನೆ, ನೋಡಿ ಹೇಳಿ.